ಬಾರದ ಗಾಡಿಗೆ ಸಹಿ ಹಾಕಲಾರೆ

ವ್ಯವಸ್ಥಾಪಕರಿಗೆ,
ವೈದ್ಯಕೀಯ ತ್ಯಾಜ್ಯ ಸಂಗ್ರಹ ವಿಭಾಗ

ವಿಷಯ: ಮೇ 7ರಿಂದ 17ರವರೆಗೆ ಗಾಡಿ ಬಾರದೇ ಇದ್ದದ್ದು, ಬಂದಿದೆ ಎಂದು ನನ್ನಿಂದ ಬರೆಸಿಕೊಳ್ಳಲು ನೋಡಿದ್ದು

ಮಾನ್ಯರೇ,

ಗಂಗಾವತಿಯಲ್ಲಿ ಸಣ್ಣದೊಂದು ರಕ್ತ ಪರೀಕ್ಷೆ ಲ್ಯಾಬ್ ನಡೆಸುತ್ತೇನೆ. ನಾನು, ಒಬ್ಬ ಟೆಕ್ನಿಷಿಯನ್ ಹುಡುಗ, ಬೆಳಿಗ್ಗೆ ಸಂಜೆ ಬಂದು ನೆಲ ಒರೆಸುವ ಅಕ್ಕ, ಇಷ್ಟೇ ಜನ. ಆರು ವರ್ಷದಿಂದ ನಿಮಗೆ ದುಡ್ಡು ಕಟ್ಟುತ್ತಿದ್ದೇನೆ, ಒಂದು ತಿಂಗಳೂ ತಪ್ಪಿಸಿಲ್ಲ. ಈ ಪತ್ರಕ್ಕೆ ಮುಂಚೆ ಹದಿನೇಳು ಸಲ ಫೋನ್ ಮಾಡಿದ್ದೇನೆ. ಸುಮ್ನೆ ಹೇಳುತ್ತಿಲ್ಲ, ಮೊಬೈಲ್‌ನಲ್ಲಿ ಎಣಿಸಿದ್ದೇನೆ. ಸಮಾಧಾನವಾಗಿ ಬರೆಯಬೇಕು ಅಂತ ಕೂತಿದ್ದೇನೆ, ಆ ಸಮಾಧಾನ ಎಷ್ಟು ಹೊತ್ತು ಇರುತ್ತೋ ನೋಡೋಣ.

ನಿಮ್ಮ ಗಾಡಿ ಮೇ 6ಕ್ಕೆ ಬಂತು. ಮತ್ತೆ ಬಂದದ್ದು 18ಕ್ಕೆ. ನಡುವೆ ಹನ್ನೊಂದು ದಿನ. ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತಕ್ಕೇ ಶಟರ್ ಮುಟ್ಟಲು ಆಗುವುದಿಲ್ಲ. ಅಂಥ ಬಿಸಿಲಲ್ಲಿ ರಕ್ತದ ಹತ್ತಿ, ಕಫದ ಡಬ್ಬಿ ತುಂಬಿದ ಹಳದಿ ಚೀಲಗಳು ಹಿಂದಿನ ಕೋಣೆಯಲ್ಲಿ ಕೂತಿದ್ದವು. ಬ್ಲೀಚಿಂಗ್ ಹಾಕಿದೆ, ಫ್ಯಾನ್ ಹಾಕಿದೆ, ಕೊನೆಗೆ ಊದುಬತ್ತಿಯನ್ನೂ ಹಚ್ಚಿದೆ. ಪಕ್ಕದಲ್ಲಿ ಮಿರ್ಚಿ ಒಗ್ಗರಣೆ ಅಂಗಡಿ ಇದೆ. ಅದರ ಮಾಲೀಕರು ಒಳ್ಳೆಯವರು, ನಾಲ್ಕು ದಿನ ಸುಮ್ಮನಿದ್ದರು. ಐದನೇ ದಿನ ಬಂದು, "ಮೇಡಮ್ರ, ಗಿರಾಕಿ ಮೂಗು ಹಿಡ್ಕೊಂಡು ಮಿರ್ಚಿ ತಿನ್ನಾಕತ್ತಾರ್ರೀ" ಅಂದರು. ನನಗೆ ತಲೆ ಎತ್ತಲು ಆಗಲಿಲ್ಲ.

ಹಳದಿ ಚೀಲದ ಇಂಥ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ರಜಾ ದಿನವೂ ಕಸ ಎತ್ತಬೇಕು ಅಂತಲೂ ಇದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ನಿಮ್ಮ ಕಂಪನಿ ನಡೆಯುವುದೇ ಆ ನಿಯಮದಿಂದ. ಆದರೂ ಜನವರಿಯಲ್ಲಿ ಕೇಳಿದರೆ ಡ್ರೈವರ್ ಗವಿಮಠದ ಜಾತ್ರೆಗೆ ಹೋಗಿದ್ದಾನೆ. ಯುಗಾದಿಗೆ ಊರಿಗೆ ಹೋಗಿದ್ದಾನೆ. ಈ ಸಲ ಗಾಡಿಯ ಕ್ಲಚ್ ಹೋಗಿದೆ. ಹನ್ನೊಂದು ದಿನ ಬೇಕಾಗುವ ಕ್ಲಚ್ ಯಾವುದೋ ನನಗೆ ಗೊತ್ತಿಲ್ಲ.

ಬೇರೆಯವರ ಹತ್ತಿರ ಹೋಗೋಣ ಅಂದರೆ ಈ ಭಾಗಕ್ಕೆ ಇರುವವರು ನೀವೊಬ್ಬರೇ. 75 ಕಿಲೋಮೀಟರ್ ಒಳಗೆ ನಿಮ್ಮಂಥವರು ಇದ್ದರೆ ನಾನೇ ಸ್ವಂತ ವ್ಯವಸ್ಥೆ ಮಾಡಿಕೊಳ್ಳುವ ಹಾಗೂ ಇಲ್ಲ. ಕಾನೂನು ನನ್ನ ಕೈ ಕಟ್ಟಿ ನಿಮ್ಮ ಮುಂದೆ ನಿಲ್ಲಿಸಿದೆ, ಅದು ನಿಮಗೆ ಚೆನ್ನಾಗಿ ಗೊತ್ತು.

ಈಗ ಮೇ 13ರ ಮಾತು. ನನ್ನ ಕೆಪಿಎಂಇ ನೋಂದಣಿಯ, ಅಂದರೆ ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳಿಗೆ ಬೇಕಾದ ರಾಜ್ಯದ ನೋಂದಣಿಯ, ಐದು ವರ್ಷ ಮುಗಿಯುತ್ತಾ ಬಂದಿದೆ. ನವೀಕರಣದ ಅರ್ಜಿ ಜೊತೆ ನಮ್ಮ ಕಸ ನೀವು ಎತ್ತುತ್ತೀರಿ ಅನ್ನುವ ನಿಮ್ಮ ಪ್ರಮಾಣಪತ್ರ ಇಡಬೇಕು. ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋದ ವರ್ಷದ ವಾರ್ಷಿಕ ವರದಿಯನ್ನೂ ಕೊಡಬೇಕು. ಲ್ಯಾಬ್‌ಗೆ ಬೀಗ ಹಾಕಿ, ಎರಡು ಬಸ್ ಬದಲಿಸಿ ನಿಮ್ಮ ಆಫೀಸಿಗೆ ಬಂದೆ. ಹನ್ನೊಂದೂವರೆಗೆ ಒಳಗೆ ಬಂದವಳನ್ನು ಆ ಟೇಬಲ್ಲಿನ ಹುಡುಗ ಹನ್ನೆರಡೂ ಕಾಲಿಗೆ ತಲೆ ಎತ್ತಿ ನೋಡಿದ. ಎದುರಿಗೆ ಎರಡು ಕುರ್ಚಿ ಇದ್ದವು. ಒಂದರ ಮೇಲೆ ಫೈಲು, ಇನ್ನೊಂದರ ಮೇಲೆ ಅವನ ಹೆಲ್ಮೆಟ್ಟು. ಹೆಲ್ಮೆಟ್ ಆರಾಮಾಗಿ ಕೂತಿತ್ತು, ನಾನು ನಿಂತಿದ್ದೆ.

"ಮಾಲೀಕರು ಬರಲಿಲ್ವಾ?" ಅಂದ.

"ನಾನೇ ಮಾಲೀಕಳು."

"ಹಂಗಲ್ಲ, ನಿಮ್ಮ ಯಜಮಾನರು?"

ನನ್ನ ಯಜಮಾನರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ, ಅವರಿಗೆ ಹಳದಿ ಚೀಲ ಯಾವುದು ಕೆಂಪು ಯಾವುದು ಗೊತ್ತಿಲ್ಲ ಅಂದೆ. ಅಷ್ಟರಲ್ಲಿ ಯಾವುದೋ ದೊಡ್ಡ ನರ್ಸಿಂಗ್ ಹೋಮ್‌ನ ಮ್ಯಾನೇಜರ್ ಬಂದರು. ಹೆಲ್ಮೆಟ್ ತಕ್ಷಣ ನೆಲಕ್ಕೆ ಇಳಿಯಿತು. ಅವರಿಗೆ ಚಹಾ ಬಂತು, ಬಿಸ್ಕತ್ತೂ ಬಂತು. ಅವರ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಕುರ್ಚಿ ಖಾಲಿಯಾದ ಮೇಲೆ ನನ್ನನ್ನು ಕೂರಿಸುತ್ತಾನೆ ಅಂದುಕೊಂಡೆ. ಹೆಲ್ಮೆಟ್ ವಾಪಸ್ ಮೇಲೆ ಬಂತು.

ಏಳು ದಿನದಿಂದ ಗಾಡಿ ಬಂದಿಲ್ಲ ಅಂದೆ. "ನಿಮ್ಮ ಎರಡು ಚೀಲಕ್ಕೆ ಅಷ್ಟು ದೂರ ಡೀಸೆಲ್ ಸುಡಬೇಕಾ ಮೇಡಂ? ಫ್ರಿಜ್ಜಲ್ಲಿ ಇಟ್ಕೊಳ್ಳಿ" ಅಂದ. ನನ್ನ ಹತ್ತಿರ ಇರುವುದು ಒಂದೇ ಫ್ರಿಜ್, ಅದರಲ್ಲಿ ಪರೀಕ್ಷೆಯ ಕಿಟ್‌ಗಳು, ಜನರ ರಕ್ತದ ಸ್ಯಾಂಪಲ್‌ಗಳು ಇವೆ. ಪಕ್ಕದಲ್ಲಿ ಹನ್ನೆರಡು ವರ್ಷದ ಮಗುವಿನ ಡೆಂಗಿ ಸ್ಯಾಂಪಲ್, ಇಲ್ಲಿ ಯಾರದೋ ಕಫದ ಡಬ್ಬಿ. ಇದು ನಿಮ್ಮ ಕಂಪನಿಯ ಅಧಿಕೃತ ಸಲಹೆಯಾಗಿದ್ದರೆ ದಯವಿಟ್ಟು ಲೆಟರ್‌ಹೆಡ್ ಮೇಲೆ ಬರೆದುಕೊಡಿ, ಲ್ಯಾಬ್ ಗೋಡೆಗೆ ಹಾಕುತ್ತೇನೆ.

ಆಮೇಲೆ ಅವನು ರಿಜಿಸ್ಟರ್ ತೆಗೆದ. 7ರಿಂದ 13ರವರೆಗೆ ಖಾಲಿ ಬಿಟ್ಟಿದ್ದ ಸಾಲುಗಳಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ಟಿಕ್ ಹಾಕಿ ನನ್ನ ಕಡೆ ತಿರುಗಿಸಿದ. "ಇಲ್ಲೆಲ್ಲ ಸಹಿ ಹಾಕಿ, ಸರ್ಟಿಫಿಕೇಟ್ ಈಗಲೇ ಪ್ರಿಂಟ್ ಕೊಡ್ತೀನಿ" ಅಂದ. ಗಾಡಿ ಬಂದೇ ಇಲ್ಲವಲ್ಲ ಅಂದರೆ, "ಎಲ್ಲರೂ ಹಾಕ್ತಾರೆ ಮೇಡಂ, ನೀವೇನು ಸ್ಪೆಷಲ್ಲಾ?" ಅಂದ. ಬಿಸ್ಕತ್ತಿನ ಪುಡಿ ಆ ಪುಟದ ಮೇಲೆ ಬಿದ್ದಿತ್ತು. ಅದನ್ನು ಊದಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟ. ಆರು ವರ್ಷದಲ್ಲಿ ನಿಮ್ಮವರು ನನಗೆ ಮಾಡಿದ ಒಂದೇ ಉಪಚಾರ ಅದು.

ಸಹಿ ಹಾಕಲಿಲ್ಲ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದೆ.

ರಾತ್ರಿ ಕೂತು ನೀವು ಕಳಿಸಿದ ಹೋದ ವರ್ಷದ ತೂಕದ ಪಟ್ಟಿಯನ್ನು ನಮ್ಮ ಪುಸ್ತಕದ ಜೊತೆ ಇಟ್ಟು ನೋಡಿದೆ. ದಿನಾ ಹಳದಿ ಚೀಲ 350 ಗ್ರಾಂ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಮಳೆಗಾಲದಲ್ಲಿ ಜ್ವರದ ಜನ ಬಾಗಿಲ ತನಕ ನಿಂತ ದಿನವೂ 350. ಹೋದ ವರ್ಷದ ಯುಗಾದಿಗೆ ಲ್ಯಾಬ್ ಮುಚ್ಚಿ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದೆ, ಅವತ್ತೂ 350. ಹೋಳಿಗೆ ತೂಗಿದಿರಾ? ಚೀಲಕ್ಕೆ ಬಾರ್‌ಕೋಡ್, ಗಾಡಿಗೆ ಜಿಪಿಎಸ್ ಇರಬೇಕು ಅಂತ ನಿಯಮ ಮಾಡಿದ್ದು ಇಂಥ ಲೆಕ್ಕ ಬರೆಯಬಾರದು ಅಂತಲೇ ಅಲ್ವಾ. ಈ ಪಟ್ಟಿ ನಂಬಿ ನಾನು ಮಂಡಳಿಗೆ ವರದಿ ಕೊಟ್ಟರೆ ಸುಳ್ಳು ಹೇಳಿದವಳು ನಾನು, ನೀವಲ್ಲ.

ಮೇ 16ಕ್ಕೆ ಆಗಿದ್ದೇ ಬೇರೆ. ಸೂಜಿ ಹಾಕುವ ಬಿಳಿ ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಬೇಕು. ಖಾಲಿ ಡಬ್ಬಿ ನಿಮ್ಮ ಗಾಡಿಯಲ್ಲೇ ಬರಬೇಕು. ಗಾಡಿ ಇಲ್ಲ, ಡಬ್ಬಿ ಇಲ್ಲ, ಅದರಲ್ಲೇ ತುಂಬುತ್ತಾ ಹೋದೆವು. ಹೊರಗಿಂದ ಒಂದು ತರಿಸಬೇಕಿತ್ತು, ಅದು ನನ್ನ ತಪ್ಪು, ಒಪ್ಪುತ್ತೇನೆ. ಅಕ್ಕ ಡಬ್ಬಿ ಸರಿಸಲು ಹೋದಾಗ ಬಾಯಿಂದ ಹೊರಗೆ ಬಂದಿದ್ದ ಸೂಜಿ ಕೈಗವಸು ದಾಟಿ ಹೆಬ್ಬೆರಳಿಗೆ ಚುಚ್ಚಿತು. ಹೆಪಟೈಟಿಸ್ ಬಿ ಲಸಿಕೆ ಮೊದಲೇ ಹಾಕಿಸಿದ್ದೆ, ಪುಣ್ಯ. ಅದು ಯಾರ ಸೂಜಿ ಅಂತ ಗೊತ್ತಿಲ್ಲದ್ದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಿದ್ದಾರೆ, 28 ದಿನ ನುಂಗಬೇಕು. ಅವಳಿಗೆ ವಾಂತಿ, ಊಟ ಸೇರುತ್ತಿಲ್ಲ. ಗಂಡನಿಗೆ ಹೇಳಲು ಭಯ. ನಿಮ್ಮ ಸೂಪರ್‌ವೈಸರ್‌ಗೆ ಇದನ್ನೆಲ್ಲ ವಾಟ್ಸಾಪ್ ಮಾಡಿದೆ. ನಾಲ್ಕು ಗಂಟೆ ಆದ ಮೇಲೆ ಒಂದು ಹೆಬ್ಬೆರಳಿನ ಚಿತ್ರ ಬಂತು. ಹೆಬ್ಬೆರಳು!

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಫೋನ್ ಮಾಡುವುದಿಲ್ಲ.

ಅಪಘಾತದ ವರದಿಯನ್ನು ಮಂಡಳಿಗೆ ಕಳಿಸಿದ್ದೇನೆ. ಹನ್ನೊಂದು ದಿನ ಚೀಲ ಇಟ್ಟುಕೊಂಡದ್ದನ್ನೂ ಅದರಲ್ಲಿ ನಾನೇ ಬರೆದಿದ್ದೇನೆ. ನಿಯಮ ಮುರಿದದ್ದಕ್ಕೆ ಪರಿಸರ ಪರಿಹಾರ ಕಟ್ಟಿ ಅಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ನನ್ನಂಥವರಿಗೆ ದಿನಕ್ಕೆ ಕನಿಷ್ಠ 1,200 ರೂಪಾಯಿ. ನಿಮ್ಮಂಥವರಿಗೆ ಕನಿಷ್ಠ 3,000. ನನ್ನದು ನಾನು ಕಟ್ಟುತ್ತೇನೆ, ನಿಮ್ಮದು ನೋಡಿಕೊಳ್ಳಿ. 2024ರ ಏಪ್ರಿಲ್‌ನಿಂದ ಪರಿಸರ ಸಂರಕ್ಷಣೆ ಕಾಯ್ದೆಯಲ್ಲಿ ಜೈಲು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದ್ದಾರೆ. ಜೈಲು ಹೋಯಿತು ಅಂತಲೇ ನಿಮ್ಮವರಿಗೆ ಇಷ್ಟು ಧೈರ್ಯ ಬಂದಿರಬೇಕು.

ನಿಮ್ಮ ಗಾಡಿಯ ಜಿಪಿಎಸ್ ದಾಖಲೆ ಕೇಳಿ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಜಿಲ್ಲೆಯ ಮೇಲ್ವಿಚಾರಣಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಈ ಪತ್ರದ ಪ್ರತಿ ಅವರಿಗೂ ಹೋಗುತ್ತದೆ. ಹೊಟ್ಟೆಪಾಡಿಗೆ ನಾನೇ ಕೂತು ನಡೆಸುವ ಲ್ಯಾಬ್ ಇದು, ಹಾಗಾಗಿ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸರ್ಟಿಫಿಕೇಟ್ ಕೊಡಿ, ಅಕ್ಕನ ಓಡಾಟದ ಖರ್ಚು ಕೊಡಿ ಅಂತ ಮೊದಲು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಅದನ್ನು ಆಯೋಗದಲ್ಲೇ ಕೇಳುತ್ತೇನೆ.

ಚೀಲಗಳನ್ನೇ ಹೊತ್ತು ತಂದು ಆ ಹೆಲ್ಮೆಟ್ ಪಕ್ಕ ಇಡೋಣ ಅಂತ ಒಂದು ರಾತ್ರಿ ಅನ್ನಿಸಿತ್ತು. ಬಸ್ಸಿನಲ್ಲಿ ಅವನ್ನು ಸಾಗಿಸುವುದು ನಿಯಮಕ್ಕೆ ವಿರುದ್ಧ, ಅದಕ್ಕೆ ಬಿಟ್ಟೆ.

ಇಂತಿ,
ಎರಡು ಚೀಲದ ಗಿರಾಕಿ,
ಗಂಗಾವತಿ

ತಾ.ಕ.: ನನ್ನ ಪುಸ್ತಕದ ಮೇ ತಿಂಗಳ ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಹನ್ನೊಂದು ಸಾಲಿನಲ್ಲೂ "ಗಾಡಿ ಬಂದಿಲ್ಲ" ಅಂತ ಬರೆದು ಸಹಿ ಮಾಡಿದ್ದೇನೆ. ನಿಮ್ಮ ಹುಡುಗನಿಗೆ ನನ್ನ ಸಹಿ ಬೇಕಾಗಿತ್ತಲ್ಲ.