ಡಬ್ಬಿ ಮ್ಯಾಲಿನ ‘ವಾಟರ್‌ಪ್ರೂಫ್’ ಯಾವ ಭಾಗಕ್ಕ ಅಂತ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಾನು ಬೆಳಗಾವಿಯ ಉದ್ಯಮಬಾಗದಾಗ ಮೋಟರ್ ರಿವೈಂಡಿಂಗ್ ಕೆಲಸ ಮಾಡಾಂವ, 20 ವರ್ಷದ ಮ್ಯಾಲಾತು. ಆಟಿಗಿ ಸಾಮಾನಿನ ಬಗ್ಗೆ ಪತ್ರ ಅಂತ ಇದನ್ನ ಪಕ್ಕಕ್ಕ ಇಡಬ್ಯಾಡ್ರಿ ಸರ್, ಹುಡುಗ್ರು ವರ್ಷಗಟ್ಲೆ ರೊಕ್ಕ ಕೂಡಿಟ್ಟು ತಗೊಳ್ಳೋ ಸಾಮಾನು ಇದು, ಮೊದಲನೇ ಮಳಿಗೇ ಕೆಟ್ಟು ಹೋಗತಾವ, ಕೆಟ್ಟಿದ್ದು ಯಾಕಂತ ಯಾರೂ ಹೇಳೂದಿಲ್ಲ.

ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸು. ದೀಪಾವಳಿಗೆ, ಬರ್ತ್‌ಡೇಕ್ಕ, ಊರಿಂದ ಅಜ್ಜ ಬಂದಾಗ ಕೈಯಾಗಿಟ್ಟಿದ್ದು ಎಲ್ಲಾ ಕೂಡ್ಸಿ ಒಂದು ರಿಮೋಟ್ ಟ್ರಕ್ ತಗೊಂಡ, ದೊಡ್ಡ ಗಾಲಿ, ನಾಲ್ಕೂ ಗಾಲಿಗೆ ಡ್ರೈವ್ ಇರೋದು. ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ ವಾಟರ್‌ಪ್ರೂಫ್ ಅಂತ ಬರದಿತ್ತು, ಟ್ರಕ್ಕು ನೀರು ಚಿಮ್ಮಿಸ್ಕೊಂಡು ಹೋಗೋ ಫೋಟೋನೂ ಇತ್ತು. ಬೆಳಗಾವಿ ಜೂನ್ ತಿಂಗಳು ಹೆಂಗಂತ ನಿಮಗ ಗೊತ್ತೇ ಐತಿ, ಒಮ್ಮೆ ಜಿಟಿಜಿಟಿ ಹಿಡೀತಂದ್ರ ಬಿಸಿಲು ನೋಡಾಕ ವಾರ ಕಾಯಬೇಕು. ಹುಡುಗ ವ್ಯಾಕ್ಸಿನ್ ಡಿಪೋ ಮೈದಾನಕ್ಕ ತಗೊಂಡು ಹೋಗಿ ರಾಡಿಯಾಗ ಓಡಿಸಿದ. ಒಂದು ಹತ್ತು ನಿಮಿಷ ಚೊಲೋ ಓಡೇತಿ, ಆಮ್ಯಾಲ ಮುಂದಿನ ಗಾಲಿ ತಾವಾಗೇ ಗಡಗಡ ನಡುಗಾಕ ಹತ್ಯಾವ, ರಿಮೋಟ್ ಬಿಟ್ರೂ ನಡುಗೋದು ನಿಂತಿಲ್ಲ, ಹಂಗ ಒಂದು ಕಡೆ ತಿರುಗಿ ನಿಂತುಬಿಟ್ಟೈತಿ. ಅಂಗಡಿಗೆ ಒಯ್ದ್ರ ‘ನೀರು ಹೋಗೇತಿ, ವಾರಂಟಿ ಬರೂದಿಲ್ಲ’ ಅಂದ್ರಂತ. ವಾಟರ್‌ಪ್ರೂಫ್ ಅಂತ ಮಾರಿದ್ದಕ್ಕ ನೀರು ಹೋಗಿದ್ದೇ ತಪ್ಪು ಅಂದ್ರ ಆ ಹುಡುಗ ಏನು ಉತ್ತರ ಕೊಡಬೇಕು ಹೇಳ್ರಿ. ಮನಿಗೆ ಬಂದು ಅಕ್ಕಿ ಡಬ್ಬ್ಯಾಗ ಮೂರು ದಿನ ಹೂತಿಟ್ಟಾನ, ಆಮ್ಯಾಲ ನನ್ನ ಕಡೆ ತಂದ, ಮಾಮಾ ನೋಡು ಅಂತ.

ಟ್ರಕ್ಕಿನೊಳಗ ಮುಖ್ಯ ಐದು ಸಾಮಾನು: ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್, ಮೋಟರಿಗೆ ಎಷ್ಟು ಕರೆಂಟ್ ಬೇಕೋ ಅಷ್ಟು ಬಿಡೋ ಇಎಸ್‌ಸಿ, ಮುಂದಿನ ಗಾಲಿ ತಿರುಗ್ಸೋ ಸರ್ವೋ, ಮೋಟರ್, ಬ್ಯಾಟರಿ. ನಾನು ಬಿಚ್ಚಿ ನೋಡಿದಾಗ ಇಎಸ್‌ಸಿಗೆ ಪೂರ್ತಿ ರಾಳ ಹಾಕಿ ಮುಚ್ಚಿದ್ರು, ಅದಕ್ಕೇನೂ ಆಗಿರಲಿಲ್ಲ. ಮೋಟರ್ ಚೊಲೋ ಇತ್ತು. ರಿಸೀವರ್ ಮಾತ್ರ ಬರೇ ಒಂದು ಪ್ಲಾಸ್ಟಿಕ್ ಡಬ್ಬಿ, ಎರಡು ಹಲ್ಲಿನ ಮ್ಯಾಲ ಕೂಡೋ ಮುಚ್ಚಳ, ರಬ್ಬರ್ ಇಲ್ಲ, ಗ್ರೀಸ್ ಇಲ್ಲ. ಮುಚ್ಚಳ ತಗದ್ರ ಒಳಗ ಕೆಂಪು ರಾಡಿ ಒಣಗಿ ಪುಡಿಯಾಗಿತ್ತು, ಚಿಪ್ಪಿನ ಕಾಲಿನ ಸಂದ್ಯಾಗ ಹಸರ ಕಿಲುಬು, ಲೆನ್ಸ್ ಹಚ್ಚಿ ನೋಡಿದ್ರ ಒಂದು ಕಾಲು ತಿಂದು ಹೋಗಿ ಕೂದಲಿನಷ್ಟು ಉಳದಿತ್ತು. ಅಂದ್ರ ಐದರಾಗ ಒಂದಕ್ಕ ಮಾತ್ರ ಮಾಡಿದ ಕೆಲಸಕ್ಕ ಇಡೀ ಟ್ರಕ್ಕಿನ ಹೆಸರಿನ್ಯಾಗ ವಾಟರ್‌ಪ್ರೂಫ್ ಅಂತ ಹಾಕ್ಯಾರ.

ಮಂದಿಗೆ ಮೋಟರ್ ನೀರಾಗ ಸುಟ್ಟು ಹೋಗತೈತಿ ಅಂತ ಅಂಜಿಕಿ. ನಮ್ಮ ಕಡೆ ಬೋರ್‌ವೆಲ್ಲಿಗೆ ಇಳಸೋ ಸಬ್‌ಮರ್ಸಿಬಲ್ ಮೋಟರಿಗೆ ನಾವು ಇಳಸೂಕಿಂತ ಮೊದಲ ಒಳಗ ನೀರು ತುಂಬತೇವಿ, ಅದರ ವೈಂಡಿಂಗ್ ವೈರಿಗೆ ಪ್ಲಾಸ್ಟಿಕ್ ಹೊದಿಕಿ ಇರತೈತಿ, ನೀರಾಗ ಮುಳುಗಿಕೊಂಡೇ ವರ್ಷಗಟ್ಲೆ ಓಡತೈತಿ, ರೈತರಿಗೆ ಯಾರಿಗೆ ಬೇಕಾದ್ರೂ ಕೇಳ್ರಿ. ಟ್ರಕ್ಕಿನ ಬ್ರಷ್‌ಲೆಸ್, ಅಂದ್ರ ತಿರುಗೋ ಭಾಗಕ್ಕ ಕರೆಂಟ್ ಮುಟ್ಟಸೋ ಕಾರ್ಬನ್ ಬ್ರಷ್ ಇಲ್ಲದ ಮೋಟರಿನ ವೈರಿಗೂ ಎನಾಮಲ್ ಹೊದಿಕಿ ಐತಿ, ನೀರು ಹೋದ್ರ ಲಗೂನ ಸಾಯೂದಿಲ್ಲ, ಬೇರಿಂಗ್ ತುಕ್ಕು ಹಿಡೀತೈತಿ ಅಷ್ಟ, ಓಡಿಸಿದ ಮ್ಯಾಲ ಒಂದೆರಡು ಹನಿ ಎಣ್ಣಿ ಬಿಟ್ರ ಆತು. ಸೆನ್ಸರ್ ಇರೋ ಮೋಟರ್ ಆದ್ರ ಅದರೊಳಗ ಸಣ್ಣ ಸರ್ಕಿಟ್ ಬೋರ್ಡ್ ಇರತೈತಿ, ಅದಕ್ಕ ಜ್ವಾಕಿ ಬೇಕು. ಬ್ರಷ್ ಇರೋ ಮೋಟರಿಗೆ ರಾಡಿ ನೀರು ಹೋದ್ರ ಕಾರ್ಬನ್ ಬ್ರಷ್ ಲಗೂ ಸವೀತಾವ. ಸಾಯೋದು ಬೋರ್ಡು. ಮಳಿ ನೀರಿಗಿಂತ ನೆಲದ ನೀರಿನ್ಯಾಗ ಕರಗಿದ ಉಪ್ಪಿನಂಶ ಹೆಚ್ಚು, ಅದು ಕರೆಂಟ್ ಒಯ್ಯತೈತಿ, ಬ್ಯಾಟರಿಯ ಡಿಸಿ ಕರೆಂಟ್ ಹರದಂಗ ತಾಮ್ರ ಒಂದು ಕಡಿಯಿಂದ ಕರಗಾಕ ಶುರು ಆಗತೈತಿ. ಅದಕ್ಕ ಅಕ್ಕಿ ಡಬ್ಬ್ಯಾಗ ಇಟ್ರ ಉಪಯೋಗ ಇಲ್ಲ ಅಂತ ಹೇಳಾಕತ್ತೇನಿ, ನೀರು ಆರಬಹುದು, ಉಪ್ಪು ಮತ್ತ ಮಣ್ಣು ಅಲ್ಲೇ ಉಳೀತೈತಿ, ಮತ್ತ ಬ್ಯಾಟರಿ ಹಚ್ಚಿದ ಕೂಡ್ಲೇ ಆ ಕೆಲಸ ಮುಂದುವರೀತೈತಿ. ನೀರಾಗ ಬಿದ್ದ ಕೂಡ್ಲೇ ಮಾಡಬೇಕಾದ್ದು ಬ್ಯಾಟರಿ ತಗಿಯೋದು, ಮುಚ್ಚಳ ಬಿಚ್ಚೋದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೇ ಟೂತ್‌ಬ್ರಷ್‌ನ್ಯಾಗ ಬೋರ್ಡ್ ತಿಕ್ಕೋದು, ಒಂದು ದಿನ ಗಾಳಿಗೆ ಇಡೋದು.

ಇಲ್ಲಿ ನಾನೂ ಒಂದು ತಪ್ಪು ಮಾಡೇನಿ, ಅದನ್ನ ಹೇಳಲಿಕ್ಕೇ ಬೇಕು ಯಾಕಂದ್ರ ಭಾಳ ಮಂದಿ ಇದನ್ನೇ ಮಾಡತಾರ. ಹೊಸಾ ರಿಸೀವರ್ ಹಾಕಿ, ಅದರ ಬೋರ್ಡಿಗೆ ಬಾತ್‌ರೂಮಿನ್ಯಾಗ ಟೈಲ್ಸ್ ಸಂದಿಗೆ ಹಚ್ಚೋ ಸಿಲಿಕಾನ್ ಮೆತ್ತಿ ಮುಚ್ಚಿದೆ. ಹಚ್ಚುವಾಗ ವಿನೆಗರ್ ವಾಸ್ನಿ ಬಂತು, ನಾನು ಗಮನಾ ಕೊಡಲಿಲ್ಲ. ಎರಡು ತಿಂಗಳಿಗೆ ನೀರು ತಾಗದನೇ ಕೆಟ್ಟಿತು. ಕೆರದು ನೋಡಿದ್ರ ಸಿಲಿಕಾನ್ ಕೆಳಗೇ ಹಸರ ಆಗಿತ್ತು. ಆ ಸಿಲಿಕಾನ್ ಗಟ್ಟಿ ಆಗುವಾಗ ಅಸಿಟಿಕ್ ಆಸಿಡ್ ಬಿಡತೈತಿ, ಅದೇ ವಿನೆಗರ್ ವಾಸ್ನಿ, ಅದೇ ತಾಮ್ರ ತಿಂತು. ಸಿಲಿಕಾನೇ ಬೇಕಂದ್ರ ನ್ಯೂಟ್ರಲ್ ಕ್ಯೂರ್ ಅಂತ ಟ್ಯೂಬ್ ಮ್ಯಾಲ ಬರದಿರೋದು ನೋಡಿ ತಗೊಳ್ರಿ, ಮೂಗಿಗೆ ವಿನೆಗರ್ ವಾಸ್ನಿ ಬಂದ್ರ ಬೋರ್ಡ್ ಹತ್ತಿರ ಒಯ್ಯಬ್ಯಾಡ್ರಿ.

ಆಮ್ಯಾಲ ಸರಿಯಾದ್ದು ಮಾಡಿದೆ. ಬೋರ್ಡಿಗೆ ಹಚ್ಚಾಕ ಅಂತಲೇ ಕನ್‌ಫಾರ್ಮಲ್ ಕೋಟಿಂಗ್ ಬರತೈತಿ, ನಮ್ಮ ವೈಂಡಿಂಗಿಗೆ ವಾರ್ನಿಶ್ ಹಚ್ಚಿದಂಗನ ಅದು, ತೆಳ್ಳಗ. ಮೊದಲ ಆಲ್ಕೊಹಾಲ್‌ನ್ಯಾಗ ಬೋರ್ಡ್ ತೊಳದು ಒಣಗಿಸಿದೆ, ವೈರ್ ಕೂಡೋ ಪಿನ್ನಿಗೆ ಮತ್ತ ರಿಮೋಟಿಗೆ ಜೋಡಸೋ ಸಣ್ಣ ಬಟನ್ನಿಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ, ಅಲ್ಲಿ ಕೋಟಿಂಗ್ ಹೋದ್ರ ಕರೆಂಟೇ ದಾಟೂದಿಲ್ಲ. ಕುಂಚದಿಂದ ಒಂದು ಕೈ, ಆರಿದ ಮ್ಯಾಲ ಇನ್ನೊಂದು ಕೈ, ಬೋರ್ಡಿನ ಎರಡೂ ಕಡೆ. ಅಳಿಯಾ ಲೈಟ್ ಆರಿಸಿ ನೋಟು ಚೆಕ್ ಮಾಡೋ ನೇರಳಿ ಟಾರ್ಚ್ ಹಿಡದ, ಈ ಕೋಟಿಂಗಿನ್ಯಾಗ ಹೊಳಿಯೋ ಬಣ್ಣ ಕಲಿಸಿರತಾರ, ಹಚ್ಚಿದಲ್ಲೆಲ್ಲಾ ನೀಲಿ ನೀಲಿ ಹೊಳದು ಚಿಪ್ಪಿನ ಎಡಗಡೆ ನಾಲ್ಕು ಕಾಲಿನ ಹತ್ತಿರ ಮಾತ್ರ ಕಪ್ಪಗ ಉಳದಿತ್ತು, ಅಲ್ಲಿ ಮತ್ತ ಹಚ್ಚಿದ್ವಿ. ಹಗಲಿನ ಬೆಳಕಿನ್ಯಾಗ ಅದು ಕಣ್ಣಿಗೆ ಕಾಣಿಸ್ತಿರಲಿಲ್ಲ ಬಿಡ್ರಿ. ಆಮ್ಯಾಲ ಪೆನ್ಸಿಲ್ ಸೆಲ್ ನಾಲ್ಕು ಹಾಕಿ ಚಾಲೂ ಮಾಡಿ ರಿಸೀವರನ್ನ ಸ್ಟೀಲ್ ಬಟ್ಟಲದಾಗಿನ ನೀರಿಗೆ ಬಿಟ್ವಿ, ಹತ್ತು ನಿಮಿಷ ಸರ್ವೋ ಎಡಕ ಬಲಕ ಹೇಳಿದಂಗ ತಿರಗ್ತು. ಆ ಹುಡುಗನ ಮುಖ ನೀವು ನೋಡಬೇಕಿತ್ತು.

ಉಳದದ್ದು ಸಣ್ಣ ಸಣ್ಣವು. ವೈರಿನ ಪ್ಲಗ್ ಕೂಡೋ ಜಾಗಾಕ್ಕ ಸಿಲಿಕಾನ್ ಗ್ರೀಸ್, ಸರ್ವೋದ ಶಾಫ್ಟ್ ಹೊರಗ ಬರೋ ತೂತಿಗೆ ಓ ರಿಂಗ್ ಅನ್ನೋ ಒಂದು ಸಣ್ಣ ರಬ್ಬರ್ ಬಳಿ ಮತ್ತ ಗ್ರೀಸ್, ಸರ್ವೋದ ಡಬ್ಬಿ ಕೂಡೋ ಸಂದಿಗೂ ಗ್ರೀಸ್. ಓ ರಿಂಗ್ ಹುಡುಕಾಕ ಬೆಳಗಾವ್ಯಾಗ ದೂರ ಹೋಗೋದು ಬ್ಯಾಡ, ಹೈಡ್ರಾಲಿಕ್ ಕೆಲಸದ ಊರು ನಮ್ಮದು, ಉದ್ಯಮಬಾಗದಾಗ ಸೀಲ್ ಮಾರೋರ ಕಡೆ ಅಳತಿ ಹೇಳಿದ್ರ ಕೊಡತಾರ. ಇಎಸ್‌ಸಿಯ ಆನ್ ಆಫ್ ಸ್ವಿಚ್ ನೋಡ್ರಿ, ಭಾಳ ಸಲ ನೀರು ಅಲ್ಲೇ ಹೋಗತೈತಿ. ಅದರ ಹೀಟ್‌ಸಿಂಕ್ ಅನ್ನೋ ಲೋಹದ ತುಂಡಿನ ಮ್ಯಾಲ ಮಾತ್ರ ಏನೂ ಮೆತ್ತಬ್ಯಾಡ್ರಿ, ಬಿಸಿ ಹೊರಗ ಹೋಗಬೇಕು. ಕೆಲವು ಹುಡುಗ್ರು ರಿಸೀವರನ್ನ ಪುಗ್ಗಾದಾಗ ಹಾಕಿ ಬಾಯಿಗೆ ದಾರ ಕಟ್ಟತಾರ, ಒಂದು ದಿನಕ್ಕ ನಡೀತೈತಿ, ಬಿಚ್ಚದೇ ಇಟ್ರ ಒಳಗಿನ ಹಬೆ ತಣ್ಣಗಾಗಿ ಹನಿ ಕಟ್ಟಿ ಅದರಿಂದಲೇ ಕೆಡತೈತಿ. ಆಂಟೆನಾ ವೈರ್ ಉದ್ದ ಆತು ಅಂತ ಕತ್ತರಸಬ್ಯಾಡ್ರಿ, 2.4 ಗಿಗಾಹರ್ಟ್ಸ್ ರಿಸೀವರಿಗೆ ತುದಿಯ ಮೂರು ಸೆಂಟಿಮೀಟರೇ ಸಿಗ್ನಲ್ ಹಿಡಿಯೋದು. ಹೊಸಾ ಟ್ರಕ್ ವಾರಂಟಿಯಾಗಿದ್ರ ಬಿಚ್ಚೂಕಿಂತ ಮೊದಲ ಅಂಗಡಿಯವ್ರನ್ನ ಕೇಳ್ರಿ.

ತಂದಿ ತಾಯಿಗೆ ಎರಡು ಮಾತು ಹೇಳಬೇಕು. ಒಂದು, ಬ್ಯಾಟರಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಒದ್ದಿ ಆಗಿದ್ರ ಪೂರ್ತಿ ಒರಸಿ ಒಣಗಿಸದ ಹೊರತು ಚಾರ್ಜಿಗೆ ಹಚ್ಚಬ್ಯಾಡ್ರಿ, ಉಬ್ಬಿದ್ರ, ಕವರ್ ಹರದಿದ್ರ ಮತ್ತ ಬಳಸಲೇಬ್ಯಾಡ್ರಿ, ಬೆಂಕಿ ಹತ್ತತೈತಿ, ಚಾರ್ಜ್ ಹಚ್ಚಿ ಮಲಗೋದಂತೂ ಬ್ಯಾಡೇ ಬ್ಯಾಡ. ಎರಡನೇದು, ನೀರು. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಾಗ ಸ್ವಲ್ಪಕ್ಕೇ ಸತ್ತು ಹೋಗತೈತಿ, ಅಂದ್ರ ಟ್ರಕ್ಕು ಪೂರ್ತಿ ಮುಳುಗಿತು ಅಂದ್ರ ವಾಟರ್‌ಪ್ರೂಫ್ ಎಷ್ಟೇ ಇರಲಿ ರಿಮೋಟಿನ ಮಾತು ಕೇಳೂದಿಲ್ಲ, ಅಲ್ಲೇ ನಿಂತುಬಿಡಬಹುದು. ಆವಾಗ ಹುಡುಗ್ರು ಹಿಂದೆ ಮುಂದೆ ನೋಡದ ನೀರಿಗೆ ಇಳೀತಾರ. ಮಳಿಗಾಲದಾಗ ನಮ್ಮೂರಿನ ಬಳ್ಳಾರಿ ನಾಲಾ ತುಂಬಿ ಹರಿಯೋದು ಊರಿಗೇ ಗೊತ್ತು, ಖಾನಾಪುರ ಕಡೆ ಹಳ್ಳ ಯಾವಾಗ ಏರತಾವ ಹೇಳಾಕ ಆಗೂದಿಲ್ಲ. ಹರಿಯೋ ನೀರಿನ ಹತ್ತಿರ ಓಡಸಾಕ ಬಿಡಬ್ಯಾಡ್ರಿ, ಟ್ರಕ್ಕು ಹೋದ್ರ ಹೋಗಲಿ. ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗುವಾಗ ಟ್ರಕ್ಕು ಒಯ್ಯೋ ಹುಡುಗ್ರೂ ಅದಾರ, ಸಮುದ್ರದ ಉಪ್ಪು ನೀರಾಗ ಬಿಟ್ರ ಕೋಟಿಂಗ್ ಹಚ್ಚಿದ್ರೂ ಪ್ಲಗ್, ಬೇರಿಂಗ್, ಸ್ಕ್ರೂ ಎಲ್ಲಾ ತಿಂತೈತಿ. ಬಿಡಬ್ಯಾಡ್ರಿ.

ಈಗ ನನ್ನ ಬೇಡಿಕಿ. ನೀರು ಎಷ್ಟು ತಡೀತೈತಿ ಅಂತ ಅಳಿಯಾಕ ಐಪಿ ನಂಬರ್ ಅಂತ ಒಂದು ಪದ್ಧತಿ ಐತಿ, ಮೊದಲನೇ ಅಂಕಿ ಧೂಳಿಗೆ, ಎರಡನೇದು ನೀರಿಗೆ. ನೀರಿನ ಅಂಕಿ 4 ಇದ್ರ ಎಲ್ಲಾ ಕಡಿಯಿಂದ ಚಿಮ್ಮೋ ನೀರು ತಡೀತೈತಿ ಅಂತ, 7 ಇದ್ರ ಒಂದು ಮೀಟರ್ ನೀರಾಗ 30 ನಿಮಿಷ ಅಂತ. ಅದೂ ನಿಂತ ಸಿಹಿ ನೀರಿನ ಪರೀಕ್ಷಾ, ರಾಡಿ ಅಲ್ಲ, ಉಪ್ಪು ನೀರಲ್ಲ. ಭಾಳ ಮೊಬೈಲಿಗೆ ಈ ನಂಬರ್ ಕೊಟ್ಟಿರತಾರ, ನಾನು ನೋಡಿದ ಟ್ರಕ್ ಡಬ್ಬಿ ಮ್ಯಾಲ ನಂಬರೇ ಇಲ್ಲ, ಬರೇ ವಾಟರ್‌ಪ್ರೂಫ್ ಅನ್ನೋ ಒಂದು ಶಬ್ದ. 2021 ಜನವರಿ 1 ರಿಂದ ಆಟಿಗಿ ಸಾಮಾನಿಗೆ ಐಎಸ್‌ಐ ಮಾರ್ಕ್ ಕಡ್ಡಾಯ ಆಗೇತಿ, ಅದು ಹುಡುಗ್ರಿಗೆ ಅಪಾಯ ಆಗಬಾರದಂತ ಇರೋದು, ಚೊಲೋ ಕೆಲಸ, ಆದ್ರ ಅದನ್ನ ನೋಡಿ ನೀರು ತಡೀತೈತಿ ಅಂತ ತಿಳ್ಕೊಂಡ್ರ ತಪ್ಪಾಗತೈತಿ.

ಅದಕ್ಕ ಗಣಪತ ಗಲ್ಲಿ, ಖಡೇಬಜಾರ್, ಕ್ಯಾಂಪ್ ಎಲ್ಲೇ ಇರಲಿ, ಮಾರೋರಿಗೆ ನನ್ನ ವಿನಂತಿ: ಒಂದು ಚೀಟಿ ಮ್ಯಾಲ ಕನ್ನಡದಾಗ ರಿಸೀವರ್, ಇಎಸ್‌ಸಿ, ಸರ್ವೋ ಇದರಾಗ ಯಾವುದು ನೀರು ತಡೀತೈತಿ, ಯಾವುದು ಇಲ್ಲ, ನೀರು ಹೋದ್ರ ವಾರಂಟಿ ಐತೋ ಇಲ್ಲೋ ಅಂತ ಬರದು ಡಬ್ಬಿಗೆ ಹಚ್ಚಿ ಕೊಡ್ರಿ. ನಾಲ್ಕು ಸಾಲು ಸಾಕು. ಗಿರಾಕಿ ಕೇಳೋದಕ್ಕಿಂತ ಮೊದಲ ಹೇಳ್ರಿ. ಮತ್ತ ಸಂಪಾದಕರೇ, ಮಳಿಗಾಲ ಶುರು ಆಗೂಕಿಂತ ಮೊದಲ ನಿಮ್ಮ ಪತ್ರಿಕೆಯ ಮಕ್ಕಳ ಪುಟದಾಗ ಈ ಐಪಿ ನಂಬರ್ ಓದೋದು ಹೆಂಗಂತ ಒಂದು ಸಣ್ಣ ಚೌಕಟ್ಟು ಹಾಕ್ರಿ, ಹುಡುಗ್ರು ಕತ್ತರಿಸಿ ಇಟ್ಕೊಂಡು ಅಂಗಡಿಗೆ ಒಯ್ಯಲಿ. ಕೆಟ್ಟ ಟ್ರಕ್ಕು ಬ್ಯಾಟರಿ ಸಮೇತ ಕಸದ ಗಾಡಿಗೆ ಹಾಕಬಾರದಂತನೂ ಅದರಾಗೇ ಬರೀರಿ, 2023 ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯದ ಹೊಸ ನಿಯಮದಾಗ ಕರೆಂಟಿನ ಆಟಿಗಿ ಸಾಮಾನೂ ಸೇರ್ಯಾವ.

ಆ ಕೆಟ್ಟ ರಿಸೀವರ್ ಇನ್ನೂ ನನ್ನ ಟೇಬಲ್ಲಿನ ಡ್ರಾದಾಗ ಐತಿ, ಹಸರ ಕಿಲುಬು ಹಂಗ ಐತಿ. ಡಬ್ಬಿ ಮಾರಿದವ್ರು ಬಂದು ನೋಡತೇನಿ ಅಂದ್ರ ಲೆನ್ಸ್ ಕೊಟ್ಟು ತೋರಿಸ್ತೇನಿ.

ಇಂತಿ,
ಒಬ್ಬ ರಿವೈಂಡಿಂಗ್ ಕೆಲಸಗಾರ
ಉದ್ಯಮಬಾಗ, ಬೆಳಗಾವಿ