ಮೈಕ್‌ನವನ ಧನ್ಯವಾದ, ಡೀನ್ ಜೋನ್ಸ್‌ಗೂ ಸೇರಿಸಿ

ಟೂರ್ನಿಯ ಫೈನಲ್ ದಿನ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸನ್ಮಾನ ಮಾಡಿದಿರಿ. ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ವೀಕ್ಷಕ ವಿವರಣೆ ಕೊಡುವವನಿಗೆ ಇಂಥದ್ದೆಲ್ಲ ಅಪರೂಪ. ಬೆಸ್ಟ್ ಬ್ಯಾಟ್ಸ್‌ಮನ್‌ಗೆ ಟ್ರೋಫಿ, ಬೆಸ್ಟ್ ಬೌಲರ್‌ಗೆ ಟ್ರೋಫಿ, ಮೈಕ್‌ನವನಿಗೆ ಮಜ್ಜಿಗೆ. ಇಷ್ಟು ವರ್ಷ ಅದೇ ಲೆಕ್ಕ. ಅವತ್ತು ಬಹುಮಾನ ವಿತರಣೆ ಇನ್ನೂ ಬಾಕಿ ಇತ್ತು, ಅತಿಥಿಗಳು ಹೊರಡುವ ಅವಸರದಲ್ಲಿದ್ದರು. ಹಾಗಾಗಿ ವೇದಿಕೆಯಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸ್ಕೋರ್ ಬರೆಯುವ ಹುಡುಗರಿಗೆ. ನಾನು ಮಾತಿನ ಭರದಲ್ಲಿ ಓವರ್ ಮರೆತಾಗ ಪಕ್ಕದಿಂದ ಬೆರಳು ತೋರಿಸಿ ನನ್ನ ಮಾನ ಉಳಿಸಿದವರು ನೀವು. ಆಮೇಲೆ ಮೈಕ್‌ಸೆಟ್ ಅಣ್ಣನಿಗೆ. ಕರೆಂಟ್ ಹೋದಾಗ ಜನರೇಟರ್ ಹಿಂದೆ ಓಡಿದ ಆ ಓಟ ಯಾವ ರನ್ನಿಗೂ ಕಡಿಮೆ ಇರಲಿಲ್ಲ. ಟೂರ್ನಿ ಮುಗಿದ ಮೇಲೆ ಎರಡು ದಿನ ದನಿಯೇ ಇಲ್ಲದ ನನ್ನನ್ನು ಸಹಿಸಿಕೊಳ್ಳುವ ಮನೆಯವಳಿಗೂ ಥ್ಯಾಂಕ್ಸ್. ಆ ಎರಡು ದಿನ ಮನೆ ಹಾಯಾಗಿರುತ್ತದೆ ಅನ್ನುತ್ತಾಳೆ, ಅದು ಬೇರೆ ವಿಷಯ.

ಇನ್ನೊಬ್ಬರಿದ್ದಾರೆ. ಅವರು ನನ್ನನ್ನು ನೋಡಿದವರಲ್ಲ, ಈಗ ಬದುಕಿಯೂ ಇಲ್ಲ. ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್, ಆಮೇಲೆ ವೀಕ್ಷಕ ವಿವರಣೆಗಾರರಾದ ಡೀನ್ ಜೋನ್ಸ್. ನನ್ನ ವಿವರಣೆಯಲ್ಲಿ ಏನಾದರೂ ಒಳ್ಳೆಯದಿದ್ದರೆ ಅದರಲ್ಲಿ ದೊಡ್ಡ ಪಾಲು ಅವರದು.

ನಮ್ಮ ಕಡೆಯ ಹಳಬರಿಗೆ ಜೋನ್ಸ್ ಅಂದ ಕೂಡಲೇ ನೆನಪಾಗುವುದು ಚೆಪಾಕ್. 1986ರ ಸೆಪ್ಟೆಂಬರ್. ಭಾರತದ ಎದುರಿನ ಪಂದ್ಯ, ಅವರಿಗೆ ಅದು ಮೂರನೇ ಟೆಸ್ಟ್ ಅಷ್ಟೇ. ಚೆನ್ನೈನ ಬಿಸಿಲು, ಬೆವರು, ಹತ್ತಿರದ ಕಾಲುವೆಯ ವಾಸನೆ. ಪಿಚ್ ಪಕ್ಕದಲ್ಲೇ ವಾಂತಿ ಮಾಡುತ್ತ, ಸೆಳೆತದಿಂದ ಕಾಲು ಎತ್ತಲಾಗದೆ ಆಡಿದರು. 170 ದಾಟಿದ ಮೇಲೆ ಇನ್ನು ಆಗಲ್ಲ, ಹೊರಗೆ ಹೋಗುತ್ತೇನೆ ಅಂದರು. ಇನ್ನೊಂದು ತುದಿಯಲ್ಲಿ ಜೊತೆಗೆ ಆಡುತ್ತಿದ್ದವರು ಅವರದೇ ಕ್ಯಾಪ್ಟನ್ ಅಲನ್ ಬಾರ್ಡರ್. ಸಮಾಧಾನ ಹೇಳುವ ಜಾತಿಯೇ ಅಲ್ಲ. ಹೋಗು ಹಾಗಾದರೆ, ಗಟ್ಟಿ ಆಸಾಮಿ ಬೇಕು, ಕ್ವೀನ್ಸ್‌ಲ್ಯಾಂಡ್‌ನವನನ್ನು ಕರೆಸುತ್ತೇನೆ ಅನ್ನುವ ಅರ್ಥದಲ್ಲಿ ಚುಚ್ಚಿದರು. ಜೋನ್ಸ್ ಇನ್ನೊಂದು ರಾಜ್ಯ ವಿಕ್ಟೋರಿಯಾದವರು. ರೋಷ ಬಂತು, ಉಳಿದರು. ಎಂಟು ಗಂಟೆಗೂ ಜಾಸ್ತಿ ಕ್ರೀಸ್‌ನಲ್ಲಿ ನಿಂತು 210 ಹೊಡೆದರು. ಆಮೇಲೆ ಆಸ್ಪತ್ರೆ, ಡ್ರಿಪ್ಸ್. ಒಬ್ಬ ಆಟಗಾರನ ಆರೋಗ್ಯದ ಜೊತೆ ಹೀಗೆ ಜೂಜಾಡಬಾರದಿತ್ತು ಅಂತಲೇ ನನ್ನ ಅಭಿಪ್ರಾಯ. ಇವತ್ತಾಗಿದ್ದರೆ ಫಿಸಿಯೋ ಬಂದು ಎಳೆದುಕೊಂಡು ಹೋಗುತ್ತಿದ್ದರು. ಆದರೂ ಆ ಇನಿಂಗ್ಸ್ ಬಗ್ಗೆ ಓದುವಾಗ ಇವತ್ತಿಗೂ ಮೈ ಜುಮ್ ಅನ್ನುತ್ತದೆ, ಅಲ್ವಾ?

ಆ ಪಂದ್ಯ ಟೈ ಆಯಿತು. ಗೆಲ್ಲಲು 348 ಬೇಕಿತ್ತು, ಭಾರತ 347ಕ್ಕೆ ಆಲೌಟ್, ಎರಡೂ ಕಡೆ ರನ್ ಸಮ. ಕೊನೆಯ ಓವರಿನ ಐದನೇ ಎಸೆತದಲ್ಲಿ ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು. ಬೆರಳು ಎತ್ತಿದ ಅಂಪೈರ್ ವಿ. ವಿಕ್ರಮರಾಜು, ನಮ್ಮ ಬೆಂಗಳೂರಿನವರು. ಬ್ಯಾಟಿಗೆ ತಾಗಿತ್ತು ಅನ್ನುವುದು ಮಣಿಂದರ್ ವಾದ. ವಿಕ್ರಮರಾಜು ಆಮೇಲೆ ಇನ್ನೊಂದು ಟೆಸ್ಟ್‌ನಲ್ಲಿ ಅಂಪೈರ್ ಆಗಿ ನಿಲ್ಲಲಿಲ್ಲ.

ನನಗೆ ಅದಕ್ಕಿಂತ ಇಷ್ಟದ ಕಥೆ ಮರುವರ್ಷದ್ದು. ಅದೂ ಚೆಪಾಕ್‌ನಲ್ಲೇ, 1987ರ ವಿಶ್ವಕಪ್ ಪಂದ್ಯ. ಜೋನ್ಸ್ ಎತ್ತಿ ಹೊಡೆದ ಒಂದು ಚೆಂಡನ್ನು ಅಂಪೈರ್ ಫೋರ್ ಅಂದರು. ಅದು ಸಿಕ್ಸ್ ಅಂತ ಆಸ್ಟ್ರೇಲಿಯಾದವರು ಹಟ ಹಿಡಿದರು. ಇನಿಂಗ್ಸ್ ಮುಗಿದ ಮೇಲೆ ಮಾತುಕತೆಯಾಗಿ, ನಮ್ಮ ಕ್ಯಾಪ್ಟನ್ ಕಪಿಲ್ ದೇವ್ ಆಗಲಿ ಅಂದರು. 268 ಇದ್ದ ಮೊತ್ತ 270 ಆಯಿತು. ಭಾರತ ಎಷ್ಟಕ್ಕೆ ಆಲೌಟ್ ಆಯಿತು ಗೊತ್ತಾ? 269. ಒಂದು ರನ್ನಿನ ಸೋಲು. ಕೊನೆಗೆ ಔಟಾದವರು ಮತ್ತೆ ಮಣಿಂದರ್, ಪಾಪ. ಸುಣ್ಣದ ಗೆರೆಯ ಹತ್ತಿರ ಫೋರಾ ಸಿಕ್ಸಾ ಅಂತ ನಮ್ಮ ಟೂರ್ನಿಗಳಲ್ಲಿ ಜಗಳ ಹತ್ತಿದಾಗೆಲ್ಲ ನಾನು ಮೈಕ್‌ನಲ್ಲಿ ಈ ಕಥೆ ಹೇಳುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ಕಾಲರ್ ಹಿಡಿದವರು ಬಿಟ್ಟಿರುತ್ತಾರೆ. ಎಲ್ಲರೂ ಅಲ್ಲ.

ಆಟಗಾರನಾಗಿ ಜೋನ್ಸ್ ಓಡುತ್ತಿದ್ದ ರೀತಿಯೇ ಬೇರೆ. ಒಂದಿದ್ದ ಕಡೆ ಎರಡು ಕದಿಯುವವರು. ಏಕದಿನದಲ್ಲಿ 6068 ರನ್, ಸರಾಸರಿ 44.61. ಆ ಕಾಲಕ್ಕೆ ಅದು ಬಹಳ ದೊಡ್ಡದು. ವೇಗದ ಬೌಲರ್‌ಗಳ ಮೇಲೂ ಮುನ್ನುಗ್ಗಿ ಹೊಡೆಯುವ ಧೈರ್ಯ. ಧೈರ್ಯ ಕೆಲವೊಮ್ಮೆ ತಲೆಗೇರುತ್ತಿತ್ತು. 1993ರಲ್ಲಿ ಸಿಡ್ನಿಯಲ್ಲಿ, ಬಿಳಿ ಚೆಂಡು ಸರಿಯಾಗಿ ಕಾಣಲ್ಲ ಅಂತ ವೆಸ್ಟ್ ಇಂಡೀಸ್‌ನ ವೇಗಿ ಕರ್ಟ್ಲಿ ಆಂಬ್ರೋಸ್‌ಗೆ ಕೈಯಲ್ಲಿದ್ದ ಬಿಳಿ ರಿಸ್ಟ್ ಬ್ಯಾಂಡ್ ತೆಗೆಯಲು ಹೇಳಿದರು. ಆಂಬ್ರೋಸ್ ತೆಗೆದರು. ಐದು ವಿಕೆಟ್ಟೂ ತೆಗೆದರು.

ಅವರು ಮೈಕ್ ಹಿಡಿದ ಮೇಲೆ ನಾನು ಕಿವಿಗೊಟ್ಟು ಕಲಿತದ್ದು ಒಂದೇ ವಿಷಯ. ಚೆಂಡು ಎಲ್ಲಿಗೆ ಹೋಯಿತು ಅನ್ನುವುದು ಜನಕ್ಕೆ ಕಾಣುತ್ತದೆ. ಯಾಕೆ ಹೋಯಿತು ಅನ್ನುವುದನ್ನು ನಾವು ಹೇಳಬೇಕು. ನಾನ್‌ಸ್ಟ್ರೈಕರ್ ಎಷ್ಟು ಮುಂದೆ ಬಂದಿದ್ದ, ಕವರ್‌ನಲ್ಲಿದ್ದವನು ಎಡಗೈಯವನೋ ಬಲಗೈಯವನೋ, ಒಂದು ರನ್ ಎಲ್ಲಿ ಸುಮ್ನೆ ಬಿಟ್ಟರು. ನಮ್ಮ ಟೀವಿಯಲ್ಲಿ 'ಪ್ರೊಫೆಸರ್ ಡೀನೊ' ಅಂತ ಮೇಷ್ಟ್ರ ವೇಷದಲ್ಲಿ ಬಂದು ಪಾಠ ಮಾಡುತ್ತಿದ್ದಾಗಲೂ ತಮಾಷೆಯ ಒಳಗೆ ಇದೇ ಇರುತ್ತಿತ್ತು. ಅಲ್ಲಿಯವರೆಗೆ ನನ್ನ ವಿವರಣೆ ಅಂದರೆ 'ಭರ್ಜರಿ ಹೊಡೆತ, ಆಕಾಶದೆತ್ತರದ ಸಿಕ್ಸರ್'. ಈಗ ರನ್ನೇ ಬರದ ಡಾಟ್ ಬಾಲ್ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. 'ಅಣ್ಣ, ನೀವು ಹೇಳಿದ ಮೇಲೆ ಫೀಲ್ಡರನ್ನು ಎರಡು ಹೆಜ್ಜೆ ಸರಿಸಿದೆ, ಕ್ಯಾಚ್ ಬಂತು' ಅಂತ ಒಬ್ಬ ಕ್ಯಾಪ್ಟನ್ ಬಂದು ಹೇಳಿದಾಗ ಆದ ಖುಷಿ, ಶಾಲು ಹೊದಿಸಿದಾಗಲೂ ಆಗಲಿಲ್ಲ. ಬೇಜಾರು ಮಾಡ್ಕೋಬೇಡಿ.

ಹೊಗಳುತ್ತ ಒಂದು ಸಂಗತಿ ಮುಚ್ಚಿಟ್ಟರೆ ತಪ್ಪಾಗುತ್ತದೆ. 2006ರಲ್ಲಿ ಶ್ರೀಲಂಕಾದ ಟೆಸ್ಟ್ ಒಂದರಲ್ಲಿ, ಕ್ಯಾಚ್ ಹಿಡಿದ ದಕ್ಷಿಣ ಆಫ್ರಿಕಾದ ಗಡ್ಡಧಾರಿ ಮುಸ್ಲಿಂ ಆಟಗಾರ ಹಾಶಿಮ್ ಆಮ್ಲಾ ಅವರನ್ನು ಜೋನ್ಸ್ ಭಯೋತ್ಪಾದಕ ಅಂದುಬಿಟ್ಟರು. ಜಾಹೀರಾತು ಓಡುತ್ತಿದೆ, ಮೈಕ್ ಬಂದ್ ಆಗಿದೆ ಅಂದುಕೊಂಡಿದ್ದರಂತೆ. ಕೆಲಸ ಹೋಯಿತು, ಕ್ಷಮೆ ಕೇಳಿದರು. ಮೈಕ್ ಬಂದ್ ಇದ್ದಿದ್ದರೆ ಆ ಮಾತು ಸರಿಯಾಗುತ್ತಿತ್ತಾ? ಇಲ್ಲ. ಒಬ್ಬರ ಗಡ್ಡ ನೋಡಿ, ಜಾತಿ ನೋಡಿ, ಬಣ್ಣ ನೋಡಿ ಚಪ್ಪಾಳೆಗಾಗಿ ಆಡುವ ಮಾತು ನಮ್ಮ ಮೈದಾನಗಳಲ್ಲೂ ಕಡಿಮೆ ಇಲ್ಲ. ಅಂಥ ಜೋಕ್ ಹೇಳಿ ಅಂತ ಚೀಟಿ ಕಳಿಸುವವರು ಈಗಲೂ ಇದ್ದಾರೆ. ನಾನು ಓದದೆ ಜೇಬಿಗೆ ಹಾಕಿಕೊಳ್ಳುತ್ತೇನೆ. ಇದನ್ನೂ ಅವರಿಂದಲೇ ಕಲಿತೆ.

2020ರ ಸೆಪ್ಟೆಂಬರ್ 24. ಕೊರೊನಾ ಕಾಲ, ನಮ್ಮ ಟೂರ್ನಿಗಳೆಲ್ಲ ನಿಂತು, ಮೈಕ್ ಮುಟ್ಟದೆ ತಿಂಗಳುಗಳಾಗಿದ್ದವು. ಐಪಿಎಲ್ ನಡೆಯುತ್ತಿದ್ದದ್ದು ಯುಎಇಯಲ್ಲಿ, ಜೋನ್ಸ್ ಮುಂಬೈನಲ್ಲಿ ಕೂತು ಟೀವಿಗೆ ವಿಶ್ಲೇಷಣೆ ಮಾಡುತ್ತಿದ್ದರು. ಅವತ್ತು ಹೋಟೆಲಿನಲ್ಲಿ ಹೃದಯ ಸ್ತಂಭನವಾಯಿತು. ಜೊತೆಗಿದ್ದ ಆಸ್ಟ್ರೇಲಿಯಾದ ಮಾಜಿ ವೇಗಿ ಬ್ರೆಟ್ ಲೀ ಎದೆ ಒತ್ತಿ ಉಳಿಸಲು ನೋಡಿದರು, ಆಗಲಿಲ್ಲ. 59 ವಯಸ್ಸು. ಅದೇ ರಾತ್ರಿ ದುಬೈನಲ್ಲಿ ನಮ್ಮ ಕೆ. ಎಲ್. ರಾಹುಲ್ ಆರ್‌ಸಿಬಿ ಮೇಲೆ 69 ಎಸೆತಗಳಲ್ಲಿ 132 ಹೊಡೆದು ಔಟಾಗದೆ ಉಳಿದರು. ಆ ಇನಿಂಗ್ಸ್ ಬಗ್ಗೆ ಜೋನ್ಸ್ ಏನು ಹೇಳುತ್ತಿದ್ದರು ಅಂತ ಯೋಚಿಸುತ್ತ ಟೀವಿ ಮುಂದೆ ಕೂತಿದ್ದೆ. ಆರ್‌ಸಿಬಿ ಸೋತದ್ದಕ್ಕೆ ಬೇಸರ ಮಾಡಿಕೊಳ್ಳುವುದೂ ಮರೆತುಹೋಗಿತ್ತು.

ಸನ್ಮಾನದ ಜೊತೆ ಕೊಟ್ಟ ಕವರ್ ವಿಷಯಕ್ಕೆ ಬರುತ್ತೇನೆ. ಆ ಹಣವನ್ನು ಮುಂದಿನ ಟೂರ್ನಿಯ ಮೊದಲ ದಿನ ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸುವ ತರಬೇತಿಗೆ ಕೊಡುತ್ತಿದ್ದೇನೆ. ಗೊತ್ತಿರುವ ಡಾಕ್ಟರ್ ಒಬ್ಬರು ಬರಲು ಒಪ್ಪಿದ್ದಾರೆ, ಅವರಿಗೂ ಥ್ಯಾಂಕ್ಸ್. ಮೈದಾನದಲ್ಲಿ ಯಾರಾದರೂ ಕುಸಿದು, ಕರೆದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಏನು ಮಾಡಬೇಕು ಅಂತ ಕಲಿಸುತ್ತಾರೆ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಆ ಕ್ಷಣವೇ ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ಗೊಂಬೆಯ ಮೇಲೆ ಎಲ್ಲರಿಂದಲೂ ಮಾಡಿಸುತ್ತಾರೆ. ಪ್ರತಿ ತಂಡದಿಂದ ಕನಿಷ್ಠ ಇಬ್ಬರು ಬರಲೇಬೇಕು, ಸ್ಕೋರರ್‌ಗಳೂ ಬನ್ನಿ. ಮೊದಲ ಪಂದ್ಯದ ಟಾಸ್‌ಗೆ ಒಂದು ಗಂಟೆ ಮುಂಚೆ ಶುರು. ಲೇಟಾಗಿ ಬಂದ ತಂಡದ ಹೆಸರನ್ನು ಮೈಕ್‌ನಲ್ಲಿ ಕರೆಯುತ್ತೇನೆ, ಕ್ಯಾಪ್ಟನ್ ಹೆಸರಿನ ಸಮೇತ.