ಕಿಲೋಮೀಟರ್ ಜತೆಗೆ ಏರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಮಲೆನಾಡಿನ ಗುಡ್ಡಗಳ ಚಿತ್ರ ತುಂಬಿಕೊಳ್ಳುತ್ತವೆ. ಚಿತ್ರದ ಕೆಳಗೆ ‘ಸುಲಭ ಚಾರಣ, 12 ಕಿ.ಮೀ.’ ಎಂದಿರುತ್ತದೆ. ಅಷ್ಟನ್ನೇ ನಂಬಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದವರು ಅರ್ಧ ಗುಡ್ಡಕ್ಕೇ ಕೂತುಬಿಡುತ್ತಾರೆ. ಗುಡ್ಡದಲ್ಲಿ ದೂರಕ್ಕಿಂತ ಏರು, ಅಂದರೆ ಒಟ್ಟು ಎಷ್ಟು ಎತ್ತರ ಹತ್ತಬೇಕು ಎಂಬುದು ಮುಖ್ಯ. ಅದನ್ನೇ ಯಾರೂ ಬರೆದಿರುವುದಿಲ್ಲ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವೊಂದು ಇಂದಿಗೂ ಉಪಯೋಗಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿಬರಲು 12 ಕಿ.ಮೀ., ಏರು 700 ಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಸುಮಾರು ಮೂರೂವರೆ ಗಂಟೆ. ಇದು ಅಭ್ಯಾಸವಿದ್ದವರು ಎಲ್ಲೂ ನಿಲ್ಲದೆ ನಡೆದರೆ. ನಮ್ಮ ಕಡೆಯ ಜಾರು ಮಣ್ಣು, ಬೇರು, ಬೆವರು ಆರದ ಹವೆ, ಊಟದ ಬಿಡುವು ಎಲ್ಲ ಸೇರಿಸಿ ಹೊಸಬರು ಅದರ ಒಂದೂವರೆ ಪಟ್ಟು ಹಿಡಿಯಬೇಕು. ಐದೂಕಾಲು ಗಂಟೆ ದಾಟುತ್ತದೆ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ದಟ್ಟ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ತಿಂಡಿ ತಿಂದು, ದಾರಿಯಲ್ಲೊಂದು ಜಲಪಾತ ನೋಡಿ, ಹನ್ನೊಂದೂವರೆಗೆ ಹತ್ತಲು ಹೊರಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಏಳಕ್ಕೆಲ್ಲ ಹೊರಡಬೇಕು. ತುದಿ ಮುಟ್ಟದಿದ್ದರೂ ಇಂತಿಷ್ಟು ಹೊತ್ತಿಗೆ ವಾಪಸು ಎಂದು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

700 ಮೀಟರ್ ಎಂದರೆ ಮಹಡಿಗೆ ಮೂರು ಮೀಟರಿನಂತೆ 230ಕ್ಕೂ ಹೆಚ್ಚು ಮಹಡಿ. ಹತ್ತುವಾಗ ದಣಿಯುವುದು ಉಸಿರು. ನಿಂತು ಸುಧಾರಿಸಿಕೊಂಡರೆ ಮರಳಿ ಬರುತ್ತದೆ. ಕೈಕೊಡುವುದು ಇಳಿಯುವಾಗ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದು ದಣಿದ ಮೇಲೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಕಾಲು ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ. ದಿನಾ ಬೆಳಿಗ್ಗೆ ಸಮತಟ್ಟಾದ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆಯುವವರಿಗೂ ಈ ಅಭ್ಯಾಸ ಇರುವುದಿಲ್ಲ. ಆರು ವಾರ ಮೊದಲೇ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಬೇಕು, ಲಿಫ್ಟಿನಲ್ಲಿ ಇಳಿಯಬಾರದು. ನಾಲ್ಕೈದು ಕೆ.ಜಿ. ಚೀಲ ಹೊತ್ತು ಎರಡು ಗಂಟೆಯಲ್ಲಿ ಎಂಟು ಕಿ.ಮೀ. ನಡೆದು, ಮಾರನೆಯ ದಿನ ಮೆಟ್ಟಿಲಿಳಿಯುವಾಗ ಕಾಲು ಹಿಡಿದುಕೊಳ್ಳದಿದ್ದರೆ ಅರ್ಧ ದಿನದ ಗುಡ್ಡಕ್ಕೆ ತಯಾರು. ಹತ್ತುವಾಗ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಲಿ.

ಇನ್ನು ಏನು ನೋಡುವ ಆಸೆ ಎಂಬುದು. ಎಲ್ಲರೂ ಕುದುರೆಮುಖಕ್ಕೇ ಹೋಗಬೇಕೆಂದಿಲ್ಲ. ಅದು 1,890 ಮೀಟರಿಗೂ ಮಿಕ್ಕ ಶಿಖರ, ಹೋಗಿಬರಲು 18–20 ಕಿ.ಮೀ., ಅರಣ್ಯ ಇಲಾಖೆಯ ಅನುಮತಿ ಬೇಕು, ಅದೇ ದಿನ ಇಳಿಯಬೇಕು. ಶೋಲಾ (ಗುಡ್ಡದ ಮಡಿಲಿನ ಗಿಡ್ಡ ಮರಗಳ ಕಾಡು), ಹುಲ್ಲುಗಾವಲು ನೋಡಬೇಕೆನ್ನುವ ಗಟ್ಟಿಕಾಲಿನವರಿಗೆ ಸರಿ. ಇತಿಹಾಸದ ಹುಚ್ಚಿದ್ದವರಿಗೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕಿಂತ ಒಳ್ಳೆಯ ನಡಿಗೆ ಈ ಸೀಮೆಯಲ್ಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೆಳದಿ ನಾಯಕರ ಕೋಟೆ. ಕಲ್ಲು ಹಾಸಿದ ದಾರಿಯಲ್ಲಿ ಒಂದಾದ ಮೇಲೊಂದು ಬಾಗಿಲು ದಾಟುತ್ತ, ನಿಂತು ನೋಡುತ್ತ ಹತ್ತಬಹುದು, ಅರವತ್ತು ದಾಟಿದವರೂ ನಿಧಾನಕ್ಕೆ ಏರಿಯಾರು. ಆದರೆ ಮಳೆಯಲ್ಲಿ ಆ ಹಾಸುಗಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ. ಅಲ್ಲಿ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ, ಕಲ್ಲಿನ ನಡುವಿಗಿಂತ ಸಂದಿಯ ಹುಲ್ಲಿನ ಮೇಲೆ ಕಾಲಿಡಲಿ. ಕೊಡಚಾದ್ರಿ (1,343 ಮೀ.) ಗಟ್ಟಿಕಾಲಿನವರಿಗೂ ಹೆಚ್ಚು ನಡೆಯಲಾಗದವರಿಗೂ ಒದಗುತ್ತದೆ: ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವುದು ಕಡಿದಾದ ದಾರಿ, ಜೀಪಿನಲ್ಲಿ ಹೋದವರಿಗೆ ಸರ್ವಜ್ಞ ಪೀಠಕ್ಕೆ ಉಳಿಯುವುದು ಚಿಕ್ಕ ಏರು. ಬೆನ್ನುನೋವಿನವರಿಗೆ ಮಾತ್ರ ಆ ಜೀಪಿನ ಕುಲುಕಾಟಕ್ಕಿಂತ ನಡಿಗೆಯೇ ಮೇಲು. ಚಿಕ್ಕ ಮಕ್ಕಳಿದ್ದರೆ ಕುಂದಾದ್ರಿ. ತುದಿಯ ಹತ್ತಿರದವರೆಗೂ ರಸ್ತೆಯಿದೆ. ಹಕ್ಕಿ ನೋಡುವವರು ಗುಡ್ಡ ಹತ್ತಬೇಕಾಗಿಯೇ ಇಲ್ಲ, ಮಳೆಗಾಲದಲ್ಲಿ ತುಂಗೆಯ ದಡದ ಮಂಡಗದ್ದೆ, ಸೊರಬದ ಗುಡವಿ ಸಾಕು.

ಕಾಲ ನೋಡಿ ಬರುವುದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಉಂಬಳ (ಜಿಗಣೆ). ಕಚ್ಚಿದ್ದನ್ನು ಹಿಡಿದು ಎಳೆಯಬೇಡಿ, ಬಾಯಿಯ ಪಕ್ಕ ಉಗುರು ತೂರಿಸಿ ಸರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಬಹಳ ಹೊತ್ತು ಒಸರುತ್ತದೆ, ಹೆದರುವಂಥದ್ದಲ್ಲ. ಕಾಲುಚೀಲದ ಮೇಲೆ ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಚೀಲ ಕಟ್ಟಿಕೊಂಡರೆ ಸಾಕು.

ಹೆದರಬೇಕಾದದ್ದು ಉಣುಗಿಗೆ. ಅದು ಕಚ್ಚಿದರೆ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆ ಕಾಯಿಲೆಯ ಕಾಲ, ಪ್ರವಾಸಿಗರು ಹೆಚ್ಚು ಬರುವ ಕಾಲವೂ ಹೆಚ್ಚುಕಡಿಮೆ ಅದೇ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಮೈಮೇಲೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಒಣ ದರಗಿನ ಮೇಲೆ ಕೂರಬೇಡಿ, ಚೀಲವನ್ನೂ ಇಡಬೇಡಿ. ತುಂಬುತೋಳಿನ ತಿಳಿ ಬಣ್ಣದ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ. ಇಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಿಬಂದ ಒಂದು ವಾರದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲು ಹೇಳಿ. ಬೆಂಗಳೂರಿನಲ್ಲಿ ಕೂತ ವೈದ್ಯರಿಗೆ ಅದು ತಾನಾಗಿ ಹೊಳೆಯಲಾರದು.

ಬೂಟನ್ನು ಸಂಜೆ, ಕಾಲು ಸ್ವಲ್ಪ ಊದಿರುವಾಗ ಕೊಳ್ಳಿ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಇಲ್ಲವಾದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ನೀರು ಒಬ್ಬರಿಗೆ ಎರಡರಿಂದ ಮೂರು ಲೀಟರ್. ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿದ ಬಾಟಲಿ ಒಂದಿರಲಿ.

ಪ್ರವಾಸ ಪುಟದಲ್ಲಿ ‘ಸುಲಭ’, ‘ಕಷ್ಟ’ ಎಂಬ ಮಾತು ಬಿಟ್ಟು, ಪ್ರತಿ ಗುಡ್ಡದ ಚಿತ್ರದ ಕೆಳಗೆ ಒಟ್ಟು ದೂರ, ಮೀಟರ್ ಲೆಕ್ಕದಲ್ಲಿ ಏರು, ದಾರಿ ಕಲ್ಲೋ ಮಣ್ಣೋ, ಕೊನೆಯ ನೀರು ಸಿಗುವ ಜಾಗ, ಅನುಮತಿ ಬೇಕೋ ಬೇಡವೋ, ಆ ತಿಂಗಳು ಉಂಬಳವೋ ಉಣುಗೋ, ಇಷ್ಟನ್ನು ದಯವಿಟ್ಟು ಅಚ್ಚು ಹಾಕಿ. ನಾಲ್ಕು ಸಾಲಿನ ಜಾಗ ಸಾಕು.

– ಚಾರಣಾಸಕ್ತರು, ತೀರ್ಥಹಳ್ಳಿ